‘ಅಸಾಧಾರಣ’ ಅನ್ನುವುದನ್ನು ಕಾಗದದ ಮೇಲೆ ತೋರಿಸುವುದು ಹೇಗೆ?

ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವರನ್ನು ಕಂಡರೆ ನಮ್ಮಲ್ಲಿ ಯಾರಿಗೂ ಆಗುವುದಿಲ್ಲ. ಅಂಥ ಮನೆಗಳಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಎಂಜಿನಿಯರ್‌ಗೆ ಒಂದು ದಿನ ವಕೀಲರು ಹೇಳುತ್ತಾರೆ: ನಿಮ್ಮ ಕ್ಷೇತ್ರದ ತುತ್ತತುದಿಗೆ ಏರಿದ ಕೆಲವೇ ಕೆಲವರಲ್ಲಿ ನೀವೂ ಒಬ್ಬರು ಅಂತ ಸಾಬೀತು ಮಾಡಿ, ಗ್ರೀನ್ ಕಾರ್ಡ್ ಅರ್ಜಿ ನಿಮ್ಮ ಹೆಸರಲ್ಲೇ ಹಾಕೋಣ. ಕೇಳಿದವರಿಗೆ ಮೊದಲು ನಗು ಬರುತ್ತದೆ. ಆಮೇಲೆ ಸಂಕೋಚ. ಆಮೇಲೆ ಒಂದು ವರ್ಷ ನಿದ್ದೆ ಬರುವುದಿಲ್ಲ.

ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ಗಾಗಿ ಹಾಕುವ, ಇಬಿ-1ಎ ಅಂತ ಕರೆಯುವ ಅರ್ಜಿ ಇದು. ನಿಜ ಹೇಳಬೇಕೆಂದರೆ ಅಲ್ಲಿ ಬೆನ್ನು ತಟ್ಟಿಕೊಳ್ಳುವ ಕೆಲಸವೇ ಇಲ್ಲ. ಅರ್ಜಿದಾರ ತನ್ನ ಬಗ್ಗೆ ತಾನು ಏನು ಹೇಳಿಕೊಂಡರೂ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಬೆನ್ನನ್ನು ಬೇರೆಯವರು ತಟ್ಟಿರಬೇಕು, ಅದೂ ಅರ್ಜಿ ಹಾಕುವ ಮೊದಲೇ ತಟ್ಟಿರಬೇಕು, ತಟ್ಟಿದ್ದಕ್ಕೆ ಕಾಗದ ಇರಬೇಕು. ಈ ಮೂರು ಮಾತು ಅರ್ಥವಾಗದೆ ನೂರಾರು ಪುಟ ಕಟ್ಟಿ ಕಳಿಸುವವರೇ ಜಾಸ್ತಿ.

ಸ್ವಲ್ಪ ಹಿನ್ನೆಲೆ. 1990ರ ವಲಸೆ ಕಾಯ್ದೆಯಲ್ಲಿ ಅಮೆರಿಕ ತನ್ನ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳನ್ನು ವರ್ಗವಾಗಿ ಹಂಚಿತು. ಮೊದಲ ವರ್ಗ ಇಬಿ-1. ಅದರೊಳಗೆ ಮೂರು ಕೋಣೆ. ‘ಬಿ’ಯಲ್ಲಿ ಹೆಸರಾಂತ ಪ್ರಾಧ್ಯಾಪಕರು ಮತ್ತು ಸಂಶೋಧಕರು, ‘ಸಿ’ಯಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಮ್ಯಾನೇಜರ್‌ಗಳು. ‘ಎ’ ಕೋಣೆ ವಿಜ್ಞಾನ, ಕಲೆ, ಶಿಕ್ಷಣ, ವ್ಯಾಪಾರ, ಕ್ರೀಡೆ ಈ ಐದರಲ್ಲಿ ಅಸಾಧಾರಣ ಸಾಮರ್ಥ್ಯ ಇರುವವರಿಗೆ. ಇದೊಂದಕ್ಕೆ ಮಾತ್ರ ಕೆಲಸ ಕೊಡುವ ಕಂಪನಿ ಅರ್ಜಿ ಹಾಕಬೇಕಾಗಿಲ್ಲ. ಅಮೆರಿಕದಲ್ಲಿ ಈ ಕೆಲಸಕ್ಕೆ ಯಾರೂ ಸಿಗಲಿಲ್ಲ ಅಂತ ತೋರಿಸುವ ಪರ್ಮ್ ಎಂಬ ತಲೆನೋವೂ ಇಲ್ಲ. ಐ-140 ಎಂಬ ಫಾರ್ಮನ್ನು ನೀವೇ ತುಂಬಿ, ನೀವೇ ಸಹಿ ಮಾಡಿ ಕಳಿಸಬಹುದು.

ಭಾರತೀಯರು ಇದರ ಹಿಂದೆ ಬಿದ್ದಿರುವುದು ಕೀರ್ತಿಯ ಆಸೆಗಲ್ಲ. ಕ್ಯೂ ತಪ್ಪಿಸಿಕೊಳ್ಳಲು. ವರ್ಷಕ್ಕೆ ಸುಮಾರು 1,40,000 ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ಸಿಗುತ್ತವೆ, ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ 7 ಶೇಕಡಕ್ಕಿಂತ ಹೆಚ್ಚು ಕೊಡುವಂತಿಲ್ಲ. ಹಾಗಾಗಿ ಭಾರತದ ಸಾಲು ಬೆಳೆಯುತ್ತಲೇ ಹೋಗಿದೆ. ಯಾರ ಸರದಿ ಬಂತು ಅಂತ ತಿಂಗಳಿಗೊಮ್ಮೆ ಹೇಳುವ ವೀಸಾ ಬುಲೆಟಿನ್‌ನಲ್ಲಿ 2025ರ ಆಗಸ್ಟ್ ತಿಂಗಳದ್ದನ್ನು ನೋಡಿ: ಎರಡನೇ ವರ್ಗವಾದ ಇಬಿ-2 ಸಾಲಿನಲ್ಲಿ ಭಾರತೀಯರ ಸರದಿ 2013ರ ಜನವರಿಯಲ್ಲಿ ನಿಂತಿತ್ತು, ಅಂದರೆ ಅದಕ್ಕೆ ಮುಂಚೆ ಸಾಲು ಸೇರಿದವರಿಗೆ ಮಾತ್ರ ಗ್ರೀನ್ ಕಾರ್ಡ್. ಅದೇ ಇಬಿ-1 ಸಾಲಿನಲ್ಲಿ 2022ರ ಫೆಬ್ರವರಿಗೆ ಬಂದಿತ್ತು. ಒಂಬತ್ತು ವರ್ಷಗಳ ಅಂತರ.

ಇಲ್ಲೊಂದು ಸೂಕ್ಷ್ಮ ಇದೆ. ಅದು ಗೊತ್ತಿಲ್ಲದಿದ್ದರೆ ಈ ಹುಚ್ಚು ಅರ್ಥವಾಗುವುದಿಲ್ಲ. ಇಬಿ-2ರಲ್ಲಿ ಒಮ್ಮೆ ಐ-140 ಮಂಜೂರಾಗಿದ್ದರೆ ಸಾಲು ಸೇರಿದ ಆ ಹಳೆಯ ದಿನಾಂಕವನ್ನು ಇಬಿ-1 ಸಾಲಿಗೂ ಎತ್ತಿಕೊಂಡು ಹೋಗಬಹುದು. 2016ರಲ್ಲಿ ಕಂಪನಿ ಹಾಕಿದ ಅರ್ಜಿಯ ದಿನಾಂಕ ಕೈಯಲ್ಲಿದೆ ಅಂದುಕೊಳ್ಳಿ. ಇಬಿ-2 ಸಾಲಿನಲ್ಲಿ ಅದು ಇನ್ನೂ ಕೊನೆಯ ಬೆಂಚು. ಇಬಿ-1ಎ ಮಂಜೂರಾದ ದಿನವೇ ಅದು ಮೊದಲ ಬೆಂಚು. ಮಗಳಿಗೆ ಹದಿನೆಂಟು ದಾಟಿದೆ, 21 ತುಂಬಿದರೆ ತಂದೆ ತಾಯಿಯ ಅರ್ಜಿಯಿಂದ ಹೊರಗೆ ಬೀಳಬಹುದು ಅಂತ ಲೆಕ್ಕ ಹಾಕುತ್ತಾ ಕೂತ ಮನೆಯಲ್ಲಿ ಈ ಅಂತರ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸೋತವನ ಕೇಸಿನಿಂದ ಬಂದ ನಿಯಮ

ಕಾನೂನು ಹೇಳುವುದು ಎರಡು ಮಾತು. ಕ್ಷೇತ್ರದ ತುದಿಗೇರಿದ ಸಣ್ಣ ಪ್ರಮಾಣದ ಜನರಲ್ಲಿ ನೀವಿರಬೇಕು. ಮತ್ತು ಆ ಹೆಸರು ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಟ್ಟದ್ದಾಗಿರಬೇಕು, ಬಂದು ಹೋದದ್ದಲ್ಲ, ಉಳಿದುಕೊಂಡು ಬಂದದ್ದಾಗಿರಬೇಕು. ನೊಬೆಲ್‌ನಂಥ ದೊಡ್ಡ ಪ್ರಶಸ್ತಿ ಇದ್ದರೆ ಅದೊಂದೇ ಸಾಕು. ಇಲ್ಲದವರಿಗೆ ಹತ್ತು ಮಾನದಂಡಗಳ ಪಟ್ಟಿ ಇದೆ. ಅದರಲ್ಲಿ ಕನಿಷ್ಠ ಮೂರು ಹೊಂದಬೇಕು.

ಮೂರು ಆದರೆ ಆಯ್ತಲ್ವಾ? ಆಗಲಿಲ್ಲ. ಯಾಕೆ ಅಂತ ತಿಳಿಯಲು ಪೋಗೋಸ್ ಕಜಾರಿಯನ್ ಅವರ ಕೇಸ್ ನೋಡಬೇಕು.

ಕಜಾರಿಯನ್ ಅರ್ಮೇನಿಯದ ಭೌತವಿಜ್ಞಾನಿ. ಯೆರೆವಾನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ ಕ್ಯಾಲಿಫೋರ್ನಿಯಾಕ್ಕೆ ಬಂದವರು. ಅವರ ಅರ್ಜಿಯ ಜೊತೆ ಕ್ಯಾಲ್ಟೆಕ್‌ನ ಕಿಪ್ ಥಾರ್ನ್ ಅವರ ಪತ್ರವೂ ಇತ್ತು. ಹೌದು, ಗುರುತ್ವ ಅಲೆಗಳ ಕೆಲಸಕ್ಕೆ 2017ರಲ್ಲಿ ನೊಬೆಲ್ ಪಡೆದ ಅದೇ ಥಾರ್ನ್. ಆದರೂ ಅರ್ಜಿ ತಿರಸ್ಕಾರವಾಯಿತು. ಪ್ರಬಂಧ ಬರೆದರೆ ಸಾಲದು, ಸಂಶೋಧಕರ ವಲಯ ಅದಕ್ಕೆ ಹೇಗೆ ಸ್ಪಂದಿಸಿತು ಅಂತಲೂ ತೋರಿಸಬೇಕು ಎಂದಿತು ವಲಸೆ ಇಲಾಖೆಯ ಮೇಲ್ಮನವಿ ಕಚೇರಿ. ತಮ್ಮದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಬಂಧ ನೋಡಿದ್ದನ್ನು ‘ತೀರ್ಪುಗಾರಿಕೆ’ ಅಂತ ಒಪ್ಪಲೂ ಇಲ್ಲ.

2010ರಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಮೇಲ್ಮನವಿ ನ್ಯಾಯಾಲಯ ಇಲಾಖೆಯ ಕಿವಿ ಹಿಂಡಿತು. ನಿಯಮದಲ್ಲಿ ‘ಪ್ರಬಂಧ ಬರೆದಿರಬೇಕು’ ಅಂತಷ್ಟೇ ಇದೆ. ಇಲ್ಲದ ಷರತ್ತನ್ನು ನೀವು ಹೊಸದಾಗಿ ಸೇರಿಸುವಂತಿಲ್ಲ. ಬರೆದಿದ್ದಾರಾ, ಹೌದು, ಎಣಿಸಿಕೊಳ್ಳಿ. ಆ ಪ್ರಬಂಧಕ್ಕೆ ತೂಕ ಎಷ್ಟು ಅನ್ನುವ ಪ್ರಶ್ನೆ ಆಮೇಲೆ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವಾಗ ಕೇಳಿ. ಇಷ್ಟು ಹೇಳಿದ ಮೇಲೂ ಕಜಾರಿಯನ್ ಗೆದ್ದರಾ? ಇಲ್ಲ. ನ್ಯಾಯಾಲಯದ ಲೆಕ್ಕದಲ್ಲೂ ಅವರಿಗೆ ಸಿಕ್ಕಿದ್ದು ಎರಡೇ ಮಾನದಂಡ. ಮೂರನೆಯದು ಸಿಗಲಿಲ್ಲ. ಥಾರ್ನ್ ಅವರ ಪತ್ರ ಕೂಡ ದಡ ಸೇರಿಸಲಿಲ್ಲ.

ತಾನು ಸೋತರೂ ಆ ಮನುಷ್ಯ ಉಳಿದವರಿಗೆಲ್ಲ ಒಂದು ದಾರಿ ಹಾಕಿಕೊಟ್ಟರು. ಅದೇ ವರ್ಷದ ಕೊನೆಗೆ ಇಲಾಖೆ ಈ ಎರಡು ಹಂತದ ವಿಧಾನವನ್ನು ದೇಶಕ್ಕೆಲ್ಲ ಅನ್ವಯಿಸಿತು. ಮೊದಲ ಹಂತ ಬರೀ ಎಣಿಕೆ: ಹತ್ತರಲ್ಲಿ ಮೂರು ಇವೆಯಾ? ಎರಡನೆಯದು ತೂಕ: ಎಲ್ಲ ಸೇರಿಸಿ ನೋಡಿದರೆ ಈ ವ್ಯಕ್ತಿ ನಿಜಕ್ಕೂ ತುದಿಯಲ್ಲಿದ್ದಾನಾ? ವಕೀಲರ ಬಾಯಲ್ಲಿ ಎರಡನೆಯದರ ಹೆಸರು ‘ಫೈನಲ್ ಮೆರಿಟ್ಸ್’. ಐದು ಮಾನದಂಡ ಒಪ್ಪಿಕೊಂಡು ಕೊನೆಗೆ ಫೈನಲ್ ಮೆರಿಟ್ಸ್‌ನಲ್ಲಿ ಬೀಳಿಸಿದರು ಅಂತ ಗೋಳಾಡುವವರು ಈ ಎರಡನೇ ಹಂತಕ್ಕೆ ತಯಾರಿಯನ್ನೇ ಮಾಡಿರುವುದಿಲ್ಲ. ಪಿಯುಸಿ ಪಾಸಾದ ಮಾತ್ರಕ್ಕೆ ಸಿಇಟಿ ರ‍್ಯಾಂಕ್ ಬರುವುದಿಲ್ಲವಲ್ಲ, ಹಾಗೆ.

ಸಾಬೀತು ಅಂದರೆ ಎಷ್ಟರ ಮಟ್ಟಿಗೆ? ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆಯೇ ಇಲ್ಲದಂತೆ ತೋರಿಸಬೇಕಾಗಿಲ್ಲ. ‘ಇಲ್ಲ’ ಅನ್ನುವುದಕ್ಕಿಂತ ‘ಹೌದು’ ಅನ್ನುವುದೇ ಹೆಚ್ಚು ಸಂಭವ ಅಂತ ಅನ್ನಿಸಿದರೆ ಸಾಕು. ತಕ್ಕಡಿ ಒಂದು ಕೂದಲೆಳೆ ನಿಮ್ಮ ಕಡೆ ವಾಲಿದರೆ ಆಯಿತು. ಓದಲು ಇದು ಸುಲಭ. ಆದರೆ ತಕ್ಕಡಿ ಹಿಡಿದವರಿಗೆ ನಿಮ್ಮ ವಿಷಯ ಗೊತ್ತಿಲ್ಲ. ಬೆಳಿಗ್ಗೆ ಒಬ್ಬ ಜೀವವಿಜ್ಞಾನಿಯ ಫೈಲು ನೋಡಿದ ಅಧಿಕಾರಿ ಮಧ್ಯಾಹ್ನ ಜೂಡೋ ಆಟಗಾರನದ್ದನ್ನೋ ಡೇಟಾಬೇಸ್ ಎಂಜಿನಿಯರ್‌ನದ್ದನ್ನೋ ನೋಡಬಹುದು. ಅವರಿಗೆ ಅರ್ಥವಾಗದ್ದು ಫೈಲಿನಲ್ಲಿ ಇದ್ದರೂ ಇಲ್ಲದ ಹಾಗೆ.

ಹತ್ತು ಬಾಗಿಲು, ಎಲ್ಲಕ್ಕೂ ಒಂದೇ ಬೀಗವಲ್ಲ

ಹತ್ತರಲ್ಲಿ ಎಲ್ಲವೂ ಎಲ್ಲರಿಗೂ ಅಲ್ಲ. ಕಲಾಪ್ರದರ್ಶನ ಮತ್ತು ರಂಗಕಲೆಯ ಗಳಿಕೆ, ಇವೆರಡು ಕಲಾವಿದರ ಬಾಗಿಲು. ಪ್ರಶಸ್ತಿ, ಸಾಧಕರಿಗೇ ಮೀಸಲಾದ ಸಂಘದ ಸದಸ್ಯತ್ವ, ಮಾಧ್ಯಮದಲ್ಲಿ ಬಂದ ಬರಹ, ಇತರರ ಕೆಲಸಕ್ಕೆ ತೀರ್ಪುಗಾರಿಕೆ, ಮಹತ್ವದ ಸ್ವಂತ ಕೊಡುಗೆ, ವಿದ್ವತ್ ಪ್ರಬಂಧ, ಹೆಸರಾಂತ ಸಂಸ್ಥೆಯಲ್ಲಿ ಮುಖ್ಯ ಪಾತ್ರ, ಹೆಚ್ಚಿನ ಸಂಬಳ. ಇವು ಉಳಿದ ಎಂಟು.

ಸದಸ್ಯತ್ವದಲ್ಲಿ ಎಡವುವವರು ಬಹಳ. ಐಇಇಇ ಎಂಬ ಎಂಜಿನಿಯರ್‌ಗಳ ಸಂಘವನ್ನೇ ತೆಗೆದುಕೊಳ್ಳಿ. ಇಂಥ ಸಂಘದ ‘ಫೆಲೋ’ ಆಗುವುದು ಇಲಾಖೆಯ ಕೈಪಿಡಿಯಲ್ಲೇ ಉದಾಹರಣೆಯಾಗಿ ಬಂದಿದೆ. ಐಇಇಇ ವರ್ಷಕ್ಕೆ ಮತದಾನದ ಹಕ್ಕಿರುವ ಸದಸ್ಯರಲ್ಲಿ ಸಾವಿರಕ್ಕೆ ಒಬ್ಬರಿಗಿಂತ ಹೆಚ್ಚು ಜನರನ್ನು ಫೆಲೋ ಮಾಡುವುದಿಲ್ಲ. ಆದರೆ ನಮ್ಮವರು ಹೆಚ್ಚಾಗಿ ಹಾಕುವುದು ಅದೇ ಸಂಘದ ‘ಸೀನಿಯರ್ ಮೆಂಬರ್’ ಪದವಿಯನ್ನು. ಅದಕ್ಕೆ ಮುಖ್ಯವಾಗಿ ಹತ್ತು ವರ್ಷದ ವೃತ್ತಿ ಅನುಭವ ಮತ್ತು ಅದರಲ್ಲಿ ಐದು ವರ್ಷ ಒಳ್ಳೆಯ ಕೆಲಸ ಬೇಕು. ಗೌರವದ ವಿಷಯವೇ, ಸುಮ್ನೆ ಕೊಡುವುದಲ್ಲ. ಆದರೆ ನಿಯಮ ಕೇಳುವುದು ‘ಅತ್ಯುನ್ನತ ಸಾಧನೆ ಇದ್ದರೆ ಮಾತ್ರ ಸದಸ್ಯತ್ವ’ ಅನ್ನುವ ಸಂಘವನ್ನು. ಅನುಭವಕ್ಕೂ ಸಾಧನೆಗೂ ಇರುವ ಈ ಗೆರೆಯ ಮೇಲೆ ಎಷ್ಟೋ ಅರ್ಜಿಗಳು ಜಾರುತ್ತವೆ.

ತೀರ್ಪುಗಾರಿಕೆ ಸುಲಭದ ಬಾಗಿಲು. ಪತ್ರಿಕೆಯೊಂದಕ್ಕೆ ಬಂದ ಪ್ರಬಂಧ ಪರಿಶೀಲಿಸಿದರೂ ಎಣಿಕೆಗೆ ಸಿಗುತ್ತದೆ. ಆಹ್ವಾನದ ಮೇಲ್ ಒಂದೇ ಸಾಲದು, ಪರಿಶೀಲನೆ ಮಾಡಿ ಮುಗಿಸಿದ್ದಕ್ಕೆ ಪುರಾವೆ ಬೇಕು. ಸುಲಭವಾಗಿ ತೆರೆಯುವ ಬಾಗಿಲಾದ್ದರಿಂದ ಎರಡನೇ ಹಂತದಲ್ಲಿ ಇದರ ತೂಕ ಕಡಿಮೆ. ಸಂಶೋಧನೆ ಮಾಡುವವರೆಲ್ಲ ಪರಿಶೀಲನೆ ಮಾಡುತ್ತಾರೆ, ಇದರಲ್ಲಿ ನಿಮ್ಮದೇನು ವಿಶೇಷ ಅಂತ ಅಧಿಕಾರಿ ಕೇಳುವುದು ನ್ಯಾಯವೇ.

ಸಂಬಳದ ವಿಷಯದಲ್ಲಿ ಒಂದು ತಮಾಷೆ ಇದೆ. ಊರಲ್ಲಿ ಹೇಳಿದರೆ ಬಾಯಿ ಬಿಡುವಂಥ ಮೊತ್ತ ಸಿಲಿಕಾನ್ ವ್ಯಾಲಿಯಲ್ಲಿ ಪಕ್ಕದ ಮನೆಯವನದ್ದೂ ಆಗಿರುತ್ತದೆ. ಹೋಲಿಕೆ ಅದೇ ಕೆಲಸದ, ಅದೇ ಪ್ರದೇಶದ ಇತರರ ಜೊತೆ. ಇದು ಉಲ್ಟಾ ಕೂಡ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿದ್ದಾಗ ಪಡೆದ ಸಂಬಳವನ್ನು ಡಾಲರಿಗೆ ತಿರುಗಿಸಿ ‘ಇಷ್ಟೇನಾ’ ಅನ್ನುವಂತಿಲ್ಲ. ಭಾರತದ ಸಂಬಳಗಳ ಜೊತೆಗೇ ತೂಗಬೇಕು.

ಮುಖ್ಯ ಪಾತ್ರ ಅಂದರೆ ಹುದ್ದೆಯ ಹೆಸರಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ‘ಡೈರೆಕ್ಟರ್’ ಅಂತಿದ್ದರೂ ಆ ಸಂಸ್ಥೆಯಲ್ಲಿ ಅಂಥವರು ನೂರಾರು ಇದ್ದರೆ ಅದರಿಂದ ಏನೂ ತಿಳಿಯದು. ನೀವಿಲ್ಲದಿದ್ದರೆ ಏನು ನಿಂತುಹೋಗುತ್ತಿತ್ತು? ಅದನ್ನು ಕಣ್ಣಾರೆ ಕಂಡವರು ಬರೆಯಬೇಕು. ಸಂಸ್ಥೆಗೂ ಹೆಸರಿರಬೇಕು.

ಇವೆಲ್ಲಕ್ಕಿಂತ ಕಠಿಣ ಬಾಗಿಲು ಸ್ವಂತ ಕೊಡುಗೆಯದು. ಸ್ವಂತದ್ದು ಅಂತ ತೋರಿಸುವುದು ಕಷ್ಟವಲ್ಲ, ಪೇಟೆಂಟ್ ಸಾಕು. ಅದು ಇಡೀ ಕ್ಷೇತ್ರಕ್ಕೆ ದೊಡ್ಡದು ಅಂತ ತೋರಿಸುವಾಗ ಉಸಿರು ಸಿಕ್ಕಿಕೊಳ್ಳುತ್ತದೆ. ನಿಮ್ಮ ಪೇಟೆಂಟ್ ನಿಮ್ಮ ಕಂಪನಿಗೆ ಕೋಟಿ ತಂದಿರಬಹುದು. ಅದರಿಂದ ಲಾಭವಾದದ್ದು ಕಂಪನಿಗೆ. ಕ್ಷೇತ್ರದ ಬೇರೆಯವರು ಅದನ್ನು ಎತ್ತಿಕೊಂಡರಾ? ಲೈಸೆನ್ಸ್ ಪಡೆದರಾ? ಬೇರೆ ಕಂಪನಿಯ ಉತ್ಪನ್ನದೊಳಗೆ ಅದು ಕೂತಿದೆಯಾ? ‘ಮುಂದೆ ಬಹಳ ಉಪಯೋಗ ಆಗಲಿದೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಆಗಿಹೋದದ್ದು ಬೇಕು, ಆಗಲಿರುವುದಲ್ಲ.

ಉಲ್ಲೇಖದ ಸಂಖ್ಯೆ, ಅಂದರೆ ಸೈಟೇಷನ್, ಬರೀ ಅಂಕಿಯಾಗಿ ಕೊಟ್ಟರೆ ಅರ್ಥವಿಲ್ಲ. ಶುದ್ಧ ಗಣಿತದಲ್ಲಿ ಮುನ್ನೂರು ದೊಡ್ಡ ಸಂಖ್ಯೆ. ಯಂತ್ರಕಲಿಕೆಯಲ್ಲಿ ಅದು ಸದ್ದೇ ಮಾಡದಿರಬಹುದು. ಅದೇ ವರ್ಷ, ಅದೇ ವಿಷಯದ ಪ್ರಬಂಧಗಳ ನಡುವೆ ನಿಮ್ಮದು ಎಲ್ಲಿ ನಿಲ್ಲುತ್ತದೆ ಅಂತ ತೋರಿಸಬೇಕು. ಅದಕ್ಕಿಂತಲೂ ಒಳ್ಳೆಯದು, ಯಾರು ಯಾಕೆ ಉಲ್ಲೇಖಿಸಿದರು ಅಂತ ತೋರಿಸುವುದು. ‘ಇವನ್ನೂ ನೋಡಿ’ ಅಂತ ಇಪ್ಪತ್ತು ಹೆಸರುಗಳ ಸಾಲಿನಲ್ಲಿ ನಿಮ್ಮದೂ ಒಂದಾಗಿದ್ದರೆ ಅದು ಹಾಜರಾತಿ. ‘ನಾವು ಇವರ ವಿಧಾನವನ್ನೇ ಬಳಸಿದೆವು’ ಅಂತ ಯಾರೋ ಒಂದು ಪ್ಯಾರಾ ಬರೆದಿದ್ದರೆ ಅದು ಸಾಕ್ಷಿ. ಆ ಪ್ಯಾರಾಕ್ಕೆ ಹಳದಿ ಬಣ್ಣ ಹಚ್ಚಿ ಪುಟಸಂಖ್ಯೆ ಕೊಡಿ. ಅಧಿಕಾರಿ ಹುಡುಕಲಿ ಅಂತ ಬಿಡಬೇಡಿ, ಹುಡುಕುವುದಿಲ್ಲ.

ಎರಡು ಪತ್ರ

ಅರ್ಜಿಯ ಜೊತೆ ಐದಾರು ಶಿಫಾರಸು ಪತ್ರ ಇಡುವುದು ರೂಢಿ. ಇಲ್ಲೇ ನಮ್ಮವರ ಎಡವಟ್ಟು ಜಾಸ್ತಿ. ಎರಡು ನಮೂನೆ ತೋರಿಸುತ್ತೇನೆ, ಎರಡೂ ನಾನೇ ಕಟ್ಟಿದವು.

ಒಂದನೆಯದು: “ನನ್ನ ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ಕಂಡ ಅತ್ಯಂತ ಪ್ರತಿಭಾವಂತ ಎಂಜಿನಿಯರ್‌ಗಳಲ್ಲಿ ಇವರೂ ಒಬ್ಬರು. ಇವರ ಕ್ರಾಂತಿಕಾರಿ ಕೊಡುಗೆಗಳು ಕ್ಷೇತ್ರದ ದಿಕ್ಕನ್ನೇ ಬದಲಿಸಿವೆ. ಇವರ ಅರ್ಜಿಯನ್ನು ಮನಃಪೂರ್ವಕ ಬೆಂಬಲಿಸುತ್ತೇನೆ.”

ಎರಡನೆಯದು: “2019ರವರೆಗೆ ನಮ್ಮ ಆಸ್ಪತ್ರೆಯ ಚಿತ್ರಗಳನ್ನು ಹೊಂದಿಸಿ ನೋಡಲು ಹದಿನಾಲ್ಕು ಗಂಟೆ ಹಿಡಿಯುತ್ತಿತ್ತು. ಇವರ ವಿಧಾನ ಪ್ರಕಟವಾದ ಮೇಲೆ ನಮ್ಮ ತಂಡ ಅದನ್ನು ಅಳವಡಿಸಿಕೊಂಡಿತು. ಈಗ ನಲವತ್ತು ನಿಮಿಷ ಸಾಕು. ಮೊದಲು ರಾತ್ರಿ ಕಳಿಸಿದ ಚಿತ್ರದ ಫಲಿತಾಂಶ ಮಾರನೇ ದಿನ ಬರುತ್ತಿತ್ತು, ಈಗ ರೋಗಿ ಕಾಯುತ್ತಿರುವಾಗಲೇ ಬರುತ್ತದೆ. ನಾನು ಇವರನ್ನು ಒಮ್ಮೆಯೂ ಭೇಟಿಯಾಗಿಲ್ಲ.”

ಒಂದನೇ ಪತ್ರದಲ್ಲಿ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ನಮ್ಮ ಸನ್ಮಾನ ಸಮಾರಂಭಗಳ ಅಭಿನಂದನಾ ಪತ್ರದ ಹಾಗೆ. ಎರಡನೆಯದರಲ್ಲಿ ಒಂದೇ ಒಂದು ಹೊಗಳಿಕೆಯ ಶಬ್ದವಿಲ್ಲ. ಆದರೂ ಅದರ ಕೊನೆಯ ಸಾಲು, ಭೇಟಿಯೇ ಆಗಿಲ್ಲ ಅನ್ನುವ ಸಾಲು, ಇಡೀ ಮೊದಲ ಪತ್ರಕ್ಕಿಂತ ತೂಕದ್ದು. ಪರಿಚಯವೇ ಇಲ್ಲದ ಊರಿಗೆ ನಿಮ್ಮ ಕೆಲಸ ತಾನಾಗಿ ನಡೆದುಕೊಂಡು ಹೋಗಿದೆ ಅಂತ ಅದು ಹೇಳುತ್ತದೆ. ಇನ್ನು ಆ ಹದಿನಾಲ್ಕು ಗಂಟೆಗೆ ಪ್ರತ್ಯೇಕ ದಾಖಲೆ ಇದ್ದರೆ ಇನ್ನೂ ಒಳ್ಳೆಯದು. ಪತ್ರ ದಾರಿ ತೋರಿಸುವ ಕೈಕಂಬ ಇದ್ದ ಹಾಗೆ. ಕೈಕಂಬ ತೋರಿಸಿದ ಕಡೆ ಊರೂ ಇರಬೇಕು.

ಆರು ಜನ ಬರೆದ ಆರು ಪತ್ರಗಳಲ್ಲಿ ಒಂದೇ ಥರದ ವಾಕ್ಯ ಕಂಡರೆ ಬರೆದದ್ದು ಯಾರು ಅಂತ ಓದುವವರಿಗೆ ತಿಳಿಯುತ್ತದೆ. ಅರ್ಜಿದಾರರೇ ಕರಡು ಮಾಡಿ ಸಹಿ ಹಾಕಿಸಿಕೊಳ್ಳುವುದು ಗುಟ್ಟಿನ ವಿಷಯವೇನಲ್ಲ. ಕರಡು ಕೊಡುವ ಬದಲು ಪ್ರಶ್ನೆ ಕೊಡಿ, ಅವರ ಮಾತಲ್ಲೇ ಬರೆಯಲಿ ಅನ್ನುವುದು ನನ್ನ ಅಭಿಪ್ರಾಯ.

ಭಾಗವತರ ಫೈಲು

ಇಬಿ-1ಎ ಅಂದರೆ ಸಾಫ್ಟ್‌ವೇರ್‌ನವರದ್ದು ಅನ್ನುವ ಭಾವನೆ ಬಿಡಿ. ಯಕ್ಷಗಾನದ ಭಾಗವತರೊಬ್ಬರು ಅರ್ಜಿ ಹಾಕುತ್ತಾರೆ ಅಂತ ಊಹಿಸಿಕೊಳ್ಳೋಣ. ಪ್ರತಿಭೆಗೆ ಕೊರತೆ ಇಲ್ಲ. ಕಾಗದದ ಕಥೆ ಬೇರೆ.

ಪೇಪರ್ ಕಟಿಂಗ್ ಒಂದು ಚೀಲದ ತುಂಬಾ ಇವೆ. ನಿಯಮ ಪ್ರತಿ ಬರಹಕ್ಕೂ ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಕೇಳುತ್ತದೆ. ನಮ್ಮ ಪತ್ರಿಕೆಗಳ ಊರಿನ ಪುಟದಲ್ಲಿ ‘ನಮ್ಮ ಪ್ರತಿನಿಧಿಯಿಂದ’ ಅಂತಷ್ಟೇ ಇರುತ್ತದೆ. ಕತ್ತರಿಸುವಾಗ ದಿನಾಂಕದ ಪಟ್ಟಿ ಕತ್ತರಿಯ ಆಚೆ ಉಳಿದಿರುತ್ತದೆ. ಇನ್ನು ಬರಹ ಕಲಾವಿದರ ಬಗ್ಗೆ ಇರಬೇಕು. ‘ಇಂದು ರಾತ್ರಿ ಆಟ, ಭಾಗವತರು ಇಂಥವರು’ ಅನ್ನುವ ಪ್ರಕಟಣೆ ಲೆಕ್ಕಕ್ಕಿಲ್ಲ. ಪತ್ರಿಕೆಗೆ ಎಷ್ಟು ಪ್ರಸಾರ ಇದೆ ಅಂತಲೂ ತೋರಿಸಬೇಕು, ಅಮೆರಿಕದ ಅಧಿಕಾರಿಗೆ ಕನ್ನಡದ ದಿನಪತ್ರಿಕೆ ದೊಡ್ಡದೋ ಚಿಕ್ಕದೋ ಏನು ಗೊತ್ತು?

ಆಮೇಲೆ ಅನುವಾದ. ಕನ್ನಡದ ಪ್ರತಿ ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಮತ್ತು ಅನುವಾದ ಸರಿಯಿದೆ ಅನ್ನುವ ಅನುವಾದಕರ ದೃಢೀಕರಣ ಕಡ್ಡಾಯ. ಸಾರಾಂಶ ನಡೆಯುವುದಿಲ್ಲ. ಅನುವಾದಕರು ‘ಭಾಗವತ’ ಅನ್ನುವುದನ್ನು ‘ಹಾಡುಗಾರ’ ಅಂತ ಮಾಡಿಟ್ಟರೆ ಒಂದು ಮಾನದಂಡವೇ ಕೈತಪ್ಪಬಹುದು. ಭಾಗವತರು ಬರೀ ಹಾಡುವವರಲ್ಲ ಅಂತ ಕರಾವಳಿಯ ಮಕ್ಕಳಿಗೂ ಗೊತ್ತು. ಜಾಗಟೆ ಹಿಡಿದು ಇಡೀ ಆಟ ನಡೆಸುವವರು ಅವರು. ಯಾವ ಪದ್ಯ ಬಿಡಬೇಕು, ಯಾವ ವೇಷಧಾರಿಯನ್ನು ಎಷ್ಟು ಹೊತ್ತು ಕುಣಿಸಬೇಕು ಅನ್ನುವುದು ಅವರ ಕೈಯಲ್ಲಿ. ಮೇಳಕ್ಕೆ ಹೆಸರಿದ್ದರೆ ಇದು ನೇರವಾಗಿ ‘ಹೆಸರಾಂತ ಸಂಸ್ಥೆಯಲ್ಲಿ ಮುಖ್ಯ ಪಾತ್ರ’. ಹಾಡುಗಾರ ಅಂದ ಕೂಡಲೇ ಅವರು ಹಿಂದಿನ ಸಾಲಿಗೆ ಹೋದರು.

ರಾಜ್ಯೋತ್ಸವ ಪ್ರಶಸ್ತಿ ಬಂದಿದೆ ಅಂದುಕೊಳ್ಳಿ. ನಿಯಮ ಕೇಳುವುದು ರಾಷ್ಟ್ರ ಮಟ್ಟದಲ್ಲಿ ಗುರುತಿಸಲ್ಪಟ್ಟ ಪ್ರಶಸ್ತಿ. ರಾಜ್ಯ ಸರ್ಕಾರ ಕೊಟ್ಟದ್ದರಿಂದ ತಾನಾಗಿ ಆಗುವುದಿಲ್ಲ ಅಂತಲೂ ಅಲ್ಲ, ತಾನಾಗಿ ಆಗುತ್ತದೆ ಅಂತಲೂ ಅಲ್ಲ. ಕೊಟ್ಟವರು ಯಾರು ಅನ್ನುವುದಕ್ಕಿಂತ ದೇಶದಲ್ಲಿ ಅದನ್ನು ಯಾರು ಗೌರವದಿಂದ ಕಾಣುತ್ತಾರೆ ಅನ್ನುವುದು ಪ್ರಶ್ನೆ. 2024ರಲ್ಲಿ ಎಲ್ಲ ಕ್ಷೇತ್ರ ಸೇರಿ 69 ಜನಕ್ಕೆ ಕೊಟ್ಟರು, ಅದರಲ್ಲಿ ಯಕ್ಷಗಾನಕ್ಕೆ ಸಿಕ್ಕಿದ್ದು ಕೆಲವೇ. ಆಯ್ಕೆ ಹೇಗೆ, ಹಿಂದೆ ಯಾರಿಗೆಲ್ಲ ಬಂದಿದೆ, ಹೊರರಾಜ್ಯದ ಪತ್ರಿಕೆಗಳು ಅದನ್ನು ವರದಿ ಮಾಡಿದವಾ, ಇವನ್ನೆಲ್ಲ ಜೋಡಿಸಬೇಕು. ಜಿಲ್ಲಾಡಳಿತ ಕೊಡುವ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯನ್ನು ಇದರ ಜೊತೆ ಬೆರೆಸಿದರೆ ಎರಡೂ ಹಾಳು.

ಗಳಿಕೆಯ ಮಾನದಂಡ ಮಾತ್ರ ಮಜಾ ಇದೆ. ನಿಯಮ ಟಿಕೆಟ್ ಮಾರಾಟದಂಥ ಲೆಕ್ಕ ಕೇಳುತ್ತದೆ. ಡೇರೆ ಮೇಳವಾದರೆ ಟಿಕೆಟ್ ಇದೆ. ದೇವಸ್ಥಾನದ ಮೇಳದಲ್ಲಿ ಟಿಕೆಟ್ಟೇ ಇಲ್ಲ, ಎಲ್ಲ ಹರಕೆ ಆಟ. ಕಟೀಲು ಮೇಳದ ಆಟಕ್ಕೆ ವರ್ಷಗಟ್ಟಲೆ ಮುಂಚೆ ಬುಕಿಂಗ್ ಆಗಿರುತ್ತದೆ, ಅದನ್ನೇ ಪುರಾವೆಯಾಗಿ ಕೊಡೋಣವಾ? ಮಾನದಂಡ ತನ್ನ ವೃತ್ತಿಗೆ ಹೊಂದದಿದ್ದರೆ ಅದಕ್ಕೆ ಸಮನಾದ ಬೇರೆ ಪುರಾವೆ ಕೊಡಲು ನಿಯಮದಲ್ಲೇ ಅವಕಾಶ ಇದೆ. ಆದರೆ ಜನ ಬುಕ್ ಮಾಡಿದ್ದು ದೇವಿಗೆ, ಭಾಗವತರಿಗಲ್ಲ ಅಂತ ಅಧಿಕಾರಿ ಕೇಳಿದರೆ ಉತ್ತರ ಇರಬೇಕು. ನಾನಾಗಿದ್ದರೆ ಈ ಮಾನದಂಡ ಬಿಟ್ಟುಬಿಡುತ್ತಿದ್ದೆ. ಬಲವಾದ ನಾಲ್ಕರ ಪಕ್ಕ ಬಡಕಲು ಮೂರನ್ನು ನಿಲ್ಲಿಸಿದರೆ ನಾಲ್ಕೂ ಬಡಕಲಾಗಿ ಕಾಣುತ್ತವೆ.

ಅದೇ ಭಾಗವತರು ಅಮೆರಿಕದಲ್ಲಿ ಆಟ ಆಡಿಸುವುದಿಲ್ಲ, ಮಕ್ಕಳಿಗೆ ಪಾಠ ಹೇಳುತ್ತೇನೆ ಅಂದರೆ? ಇಲ್ಲಿ ಲೀ ಎಂಬ ಕೊರಿಯಾದ ಬೇಸ್‌ಬಾಲ್ ತಾರೆಯ ಕೇಸ್ ನೆನಪಾಗುತ್ತದೆ. ಆಟಗಾರನಾಗಿ ಕೊರಿಯಾದಲ್ಲಿ ಮನೆಮಾತು, ಶಿಕಾಗೊ ವೈಟ್ ಸಾಕ್ಸ್ ತಂಡಕ್ಕೆ ತರಬೇತುದಾರನಾಗಿ ಬಂದಿದ್ದರು. 2002ರಲ್ಲಿ ನ್ಯಾಯಾಲಯ ಇಲಾಖೆಯ ತಿರಸ್ಕಾರವನ್ನೇ ಎತ್ತಿಹಿಡಿಯಿತು. ಹೆಸರು ಮಾಡಿದ್ದು ಆಟದಲ್ಲಿ, ಮಾಡಲು ಹೊರಟಿದ್ದು ತರಬೇತಿ, ಎರಡೂ ಒಂದೇ ಕ್ಷೇತ್ರವಲ್ಲ ಅಂತ. ಕೋಡ್ ಬರೆದು ಹೆಸರು ಮಾಡಿ ಈಗ ಮ್ಯಾನೇಜರ್ ಆದವರೂ ಈ ಕೇಸನ್ನು ಓದಬೇಕು. ‘ನನ್ನ ಕ್ಷೇತ್ರ ಯಾವುದು’ ಅನ್ನುವ ಒಂದು ಸಾಲು ಅರ್ಜಿಯ ಎಲ್ಲ ಸಾಲುಗಳಿಗಿಂತ ಮೊದಲು ತೀರ್ಮಾನವಾಗಬೇಕು. ತೀರಾ ಅಗಲ ಮಾಡಿದರೆ ಲಕ್ಷಾಂತರ ಜನರ ನಡುವೆ ಕಳೆದುಹೋಗುತ್ತೀರಿ. ತೀರಾ ಕಿರಿದು ಮಾಡಿದರೆ, ಆ ಕ್ಷೇತ್ರದಲ್ಲಿ ಇರುವುದೇ ನೀವೊಬ್ಬರು ಅಂತ ನಗುತ್ತಾರೆ.

ಸಂತೆಯಲ್ಲಿ ಸಿಗುವ ಕೀರ್ತಿ

ಕ್ಯೂ ಉದ್ದವಾದಷ್ಟೂ ಅದರ ಪಕ್ಕ ಅಂಗಡಿಗಳು ಹೆಚ್ಚುತ್ತವೆ. ‘ಪ್ರೊಫೈಲ್ ಕಟ್ಟಿಕೊಡುತ್ತೇವೆ’ ಅನ್ನುವವರು ಈಗ ಸಾಕಷ್ಟಿದ್ದಾರೆ. ದುಡ್ಡು ಕಟ್ಟಿದರೆ ಬರುವ ಪ್ರಶಸ್ತಿ, ದುಡ್ಡು ಕೊಟ್ಟು ಹಾಕಿಸಿದ ಸಂದರ್ಶನ, ನೀನು ನನ್ನದನ್ನು ಉಲ್ಲೇಖಿಸು ನಾನು ನಿನ್ನದನ್ನು ಅನ್ನುವ ಗುಂಪುಗಳು. ಅರ್ಜಿಗೆ ಆರು ತಿಂಗಳ ಮುಂಚೆ ಒಬ್ಬರ ಬದುಕಿನಲ್ಲಿ ದಿಢೀರನೆ ನಾಲ್ಕು ಪ್ರಶಸ್ತಿ, ಐದು ಸಂದರ್ಶನ ಬಂದಿದ್ದರೆ ಆ ದಿನಾಂಕಗಳೇ ಸಾಕ್ಷಿ ಹೇಳುತ್ತವೆ. ಉಳಿದುಕೊಂಡು ಬಂದ ಹೆಸರು ಅಂತ ಕಾನೂನು ಕೇಳುವುದು ಇದಕ್ಕೇ.

ತಿರಸ್ಕಾರವಾದರೆ ಹೋಗಿದ್ದು ದುಡ್ಡು ಮಾತ್ರ. ಸುಳ್ಳು ಅಂತ ತೀರ್ಮಾನವಾದರೆ ಹೋಗುವುದು ಬೇರೆ. ಗೊತ್ತಿದ್ದೂ ಸುಳ್ಳು ಹೇಳಿದವರಿಗೆ ಅಮೆರಿಕದ ಬಾಗಿಲು ಜೀವನಪರ್ಯಂತ ಮುಚ್ಚಬಹುದು. ಮಂಜೂರಾದ ಅರ್ಜಿಯನ್ನೂ ಆಮೇಲೆ ಹಿಂದಕ್ಕೆ ಪಡೆಯಬಹುದು. ಅಂಗಡಿಯವನು ರಸೀದಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ, ಫಾರ್ಮಿನ ಕೊನೆಯಲ್ಲಿ ಇರುವುದು ನಿಮ್ಮ ಸಹಿ.

ಖರ್ಚಿನ ಮಾತು ಚಿಕ್ಕದಾಗಿ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಐ-140ಕ್ಕೆ 715 ಡಾಲರ್, ಸ್ವಂತವಾಗಿ ಹಾಕುವವರಿಗೆ ಜೊತೆಗೆ 300 ಡಾಲರ್. ಹದಿನೈದು ಕೆಲಸದ ದಿನಗಳಲ್ಲಿ ಉತ್ತರ ಬೇಕೆಂದರೆ ‘ಪ್ರೀಮಿಯಂ’, ಅದೇ ವರ್ಷದ ದರ 2,805 ಡಾಲರ್. ಇವು ಆಗಾಗ ಏರುತ್ತವೆ, ಕಳಿಸುವ ದಿನ ನೋಡಿಕೊಳ್ಳಿ. ವಕೀಲರ ಫೀಸು ಬೇರೆ. ಪ್ರೀಮಿಯಂ ಕಟ್ಟಿದರೆ ಉತ್ತರ ಬೇಗ ಬರುತ್ತದೆ, ಒಳ್ಳೆಯ ಉತ್ತರವೇ ಬರುತ್ತದೆ ಅಂತೇನಿಲ್ಲ.

ಆ ಉತ್ತರ ಎಷ್ಟೋ ಸಲ ‘ಹೌದು’ ‘ಇಲ್ಲ’ ಎರಡೂ ಆಗಿರುವುದಿಲ್ಲ. ಇನ್ನಷ್ಟು ಪುರಾವೆ ಕೊಡಿ ಅನ್ನುವ ಆರ್‌ಎಫ್‌ಇ ಬರುತ್ತದೆ. ಉತ್ತರಿಸಲು ಹೆಚ್ಚೆಂದರೆ 84 ದಿನ. ಅದು ಬಂದ ದಿನ ಮನೆಯಲ್ಲಿ ಸೂತಕದ ಕಳೆ. ಎರಡು ದಿನ ಬಿಟ್ಟು ತಣ್ಣಗೆ ಕೂತು ಓದಿ. ಯಾವ ಮಾನದಂಡ ಒಪ್ಪಿದ್ದಾರೆ, ಯಾವುದನ್ನು ಯಾವ ಕಾರಣಕ್ಕೆ ಒಪ್ಪಿಲ್ಲ ಅಂತ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಅಂದರೆ ಪ್ರಶ್ನೆಪತ್ರಿಕೆ ಮನೆಗೇ ಬಂದ ಹಾಗೆ. ಹಳೆಯ ಪುರಾವೆಯನ್ನೇ ಜೋರು ದನಿಯಲ್ಲಿ ಮತ್ತೆ ಹೇಳುವುದು ಉತ್ತರವಲ್ಲ. ಅರ್ಜಿ ಹಾಕಿದ ಮೇಲೆ ಗಳಿಸಿದ ಹೊಸ ಪ್ರಶಸ್ತಿಯಿಂದ ಹಳೆಯ ಅರ್ಜಿಗೆ ಅರ್ಹತೆ ಬರುವುದಿಲ್ಲ, ಅರ್ಜಿಯ ದಿನವೇ ಅರ್ಹತೆ ಇರಬೇಕಿತ್ತು.

ಕೊನೆಗೂ ತಿರಸ್ಕಾರವಾದರೆ ಮತ್ತೆ ಹಾಕಬಾರದು ಅಂತೇನಿಲ್ಲ. ಎರಡು ವರ್ಷ ಕೆಲಸ ಮಾಡಿ, ಇನ್ನಷ್ಟು ಕಾಗದ ಕೂಡಿಸಿ ಮತ್ತೆ ಹಾಕಿ ಗೆದ್ದವರಿದ್ದಾರೆ. ಇಬಿ-2ರ ಹಳೆಯ ದಿನಾಂಕಕ್ಕೂ ಇದರಿಂದ ಧಕ್ಕೆ ಇಲ್ಲ. ಆದರೆ ಐ-140 ಫಾರ್ಮು ಹಿಂದೆ ಯಾವಾಗಲಾದರೂ ಇಂಥ ಅರ್ಜಿ ಹಾಕಿದ್ದಿರಾ ಅಂತ ಕೇಳುತ್ತದೆ. ಹಳೆಯ ಅರ್ಜಿ ಇಲಾಖೆಯ ಬಳಿಯೇ ಇರುತ್ತದೆ. ಮೊದಲ ಸಲ ‘ನಾನು ಕ್ಲೌಡ್ ಭದ್ರತೆಯ ತುದಿಯಲ್ಲಿದ್ದೇನೆ’ ಅಂತ ಬರೆದು, ಎರಡನೇ ಸಲ ಅದೇ ಪೇಟೆಂಟ್ ಹಿಡಿದುಕೊಂಡು ‘ನಾನು ಎಐ ತಜ್ಞ’ ಅಂತ ಬರೆದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದುವವರು ಅಲ್ಲೊಬ್ಬರು ಕೂತಿರುತ್ತಾರೆ.